ನನ್ನ ಮೊಳೆಗೆ ಬಂದ ಕಲೆಕ್ಟರ್ ಸಾಹೇಬ

ಜಂಬಕ್ಕೆ ಒಂದು ಮೊಳೆ ಸಾಕು ಎಂಬುದು ನನ್ನ ಅನುಭವ. ಲಂಡನ್ನಿನಲ್ಲಿ ನಾವಿರುವ ಪಿನ್ನರ್ ಬಡಾವಣೆಯ ಹಳೆ ಸಾಮಾನಿನ ಅಂಗಡಿಯಲ್ಲಿ ನನಗೆ ಕಂಪನಿ ಕಾಲದ ಬ್ರಿಟಿಷ್ ಅಧಿಕಾರಿಯೊಬ್ಬನ ಚಿತ್ರ ಸಿಕ್ಕಿತು. ತಾಮ್ರದ ತಗಡಿನ ಮೇಲೆ ಗೆರೆಗೆರೆಯಾಗಿ ಕೊರೆದು ಕಾಗದಕ್ಕೆ ಅಚ್ಚು ಹಾಕಿದ್ದು. ಇವನು ಧಾರವಾಡದ ಕಡೆ ಕಲೆಕ್ಟರ್ ಆಗಿದ್ದನೆಂದು ಅಂಗಡಿಯವ ಹೇಳಿದ. ನಿಜವೋ ಸುಳ್ಳೋ, ಧಾರವಾಡದವನಾದ ನನಗೆ ಅಷ್ಟು ಸಾಕಾಯಿತು. ನಮ್ಮೂರನ್ನು ಆಳಿದವನನ್ನು ಅವನ ದೇಶದಲ್ಲೇ ನನ್ನ ಮನೆಯ ಗೋಡೆಗೆ ನೇತುಹಾಕುವ ಸುಖ ಎಷ್ಟು ಜನಕ್ಕೆ ಸಿಕ್ಕೀತು? ಯುಗಾದಿ ಊಟಕ್ಕೆ ಗೆಳೆಯರನ್ನು ಕರೆದೆ. ಈ ವಿಷಯವಾಗಿ ಐದು ನಿಮಿಷದ ಭಾಷಣವೊಂದನ್ನು ಟ್ಯೂಬ್ ರೈಲಿನಲ್ಲಿ ಕೂತು ಬಾಯಿಪಾಠವೂ ಮಾಡಿದೆ. "ಗೋಡಿಗೆ ಹಾಕೂದಾದ್ರ ನಿಮ್ಮಜ್ಜನ ಫೋಟೋ ಹಾಕ್ರಿ," ಎಂದಳು ಹೆಂಡತಿ. ನಾನು ಕೇಳಲಿಲ್ಲ; ಮೊಳೆ ಹೊಡೆದು ಸಾಹೇಬನನ್ನೇ ನೇತುಹಾಕಿದೆ.

ಹಬ್ಬದ ದಿನ ಸ್ನಾನ ಮುಗಿಸಿ ಕೆಳಗಿಳಿದರೆ, ಬಾಗಿಲಿಗೆಂದು ಈಸ್ಟ್ ಹ್ಯಾಮಿನ ಇಂಡಿಯನ್ ಅಂಗಡಿಯಿಂದ ತಂದಿದ್ದ ಚೆಂಡುಹೂವಿನ ಮಾಲೆ ಸಾಹೇಬನ ಕೊರಳಲ್ಲಿ! ಗಾಜಿನ ಮೇಲೆ ಗಂಧ, ಕುಂಕುಮ, ಮುಂದೆ ಊದಿನಕಡ್ಡಿ. ಊರಿನಿಂದ ಬಂದು ವಾರವಾಗಿದ್ದ ಅತ್ತೆಯವರ ಕೆಲಸ. ಗಾಜಿನ ಚೌಕಟ್ಟಿನಲ್ಲಿ ಒಬ್ಬನೇ ಕೂತ ಗಂಡಸು ಎಂದರೆ ಅವರ ಪಾಲಿಗೆ ತೀರಿಕೊಂಡ ಹಿರಿಯರೇ. ಅಳಿಯನ ಮನೆತನದವರ ಬಗ್ಗೆ "ಇವರು ಯಾರು" ಎಂದು ಕೇಳುವುದು ಮರ್ಯಾದೆಯಲ್ಲವೆಂದು ಕೇಳಿರಲಿಲ್ಲ. ನಾನು ಬಾಯಿ ತೆರೆಯುವಷ್ಟರಲ್ಲಿ ಕರೆಗಂಟೆ ಸದ್ದಾಯಿತು.

ಮೊದಲು ಬಂದ ಬೆಂಗಳೂರಿನ ಗೆಳೆಯ ಬೂಟು ಬಿಚ್ಚಿ, ನೇರವಾಗಿ ಸಾಹೇಬನಿಗೆ ಕೈಮುಗಿದ. "ನಿಮ್ ತಾತಾನಾ? ಮೂಗು ಥೇಟ್ ನಿಮ್ದೇ ಕಣ್ರಿ!"

"ನಮ್ಮ ಅಳಿಯಂದಿರ ಮುತ್ತಜ್ಜಾರು," ಎಂದರು ಅತ್ತೆ, ಹಿಗ್ಗಿನಿಂದ. "ಮುಖದಾಗ ಎಷ್ಟ್ ಕಳೆ ಐತಿ ನೋಡ್ರಿ."

ಅಷ್ಟರಲ್ಲಿ ಉಳಿದವರೂ ಬಂದಿದ್ದರು; ಎಂಟು ಜನ ನನ್ನತ್ತ ತಿರುಗಿದರು. ಒಂದು ಕಡೆ ನನ್ನ ಭಾಷಣ, ಇನ್ನೊಂದು ಕಡೆ ಅತ್ತೆಯ ಮಾನ. "ಹೌದು, ಮುತ್ತಜ್ಜ," ಅಂದುಬಿಟ್ಟೆ. ನಗು ತಡೆಯಲಾರದೆ ಹೆಂಡತಿ ಅಡುಗೆಮನೆಗೆ ಓಡಿದಳು.

ಗೆಳೆಯ ಬಗ್ಗಿ, "ಕೆಳಗೆ ಮೂಲೇಲಿ ಸಣ್ಣದಾಗಿ ಒಂದು ಹೆಸರಿದೆಯಲ್ಲಾ, ಇದ್ಯಾರು?" ಎಂದ. ಸದ್ಯ, ಇಷ್ಟಾದರೂ ನಿಜ ಹೇಳಬಹುದಿತ್ತು. ಚಿತ್ರ ಕೊರೆದವನು, ಕೋಟಿನ ಒಂದೊಂದು ಗುಂಡಿಯೂ ಕೂದಲಿನ ಒಂದೊಂದು ಎಳೆಯೂ ಅವನ ಕೈಯದು ಎಂದೆ. ಅತ್ತೆಗೆ ಪಾಪ ಅನ್ನಿಸಿತು. "ಅಯ್ಯ, ಸುಮ್ನ ಕುಂತೋರಿಗೆ ಹಾರ, ಕಣ್ಣು ಕಳಕೊಂಡು ಕೊರದಾಂವಗ ಏನೂ ಇಲ್ಲಲ್ಲ!" ಎನ್ನುತ್ತ ಆ ಸಣ್ಣ ಹೆಸರಿಗೂ ಕುಂಕುಮ ಹಚ್ಚಿದರು. ಆಮೇಲೆ ನನ್ನ ಕಡೆ ನೋಡಿ, "ಎಲ್ಲಾರೂ ಮಾಡಿದ್ರು, ನೀವಽ ಇನ್ನೂ ನಮಸ್ಕಾರ ಮಾಡಿಲ್ಲಲ್ರಿ," ಅಂದರು.

ಮಾಡಿದೆ. ನಾನು ಬಗ್ಗಿದ್ದು ಆ ಮೂಲೆಯ ಸಣ್ಣ ಹೆಸರಿಗೆ ಎಂದು ಹೆಂಡತಿಗೆ ಇವತ್ತಿಗೂ ಹೇಳುತ್ತಿದ್ದೇನೆ. ಆಗ ಅಡುಗೆಮನೆ ಬಾಗಿಲಿನಿಂದ ಅವಳು ತೆಗೆದ ಫೋಟೋದಲ್ಲಿ ಮಾತ್ರ ಹಾಗೆ ಕಾಣುವುದಿಲ್ಲ.