ಸೋಡಾದ ಎರಡು ಹನಿ

ನಮ್ಮ ಸೋದರಮಾವ ಶಿವಮೊಗ್ಗ, ಭದ್ರಾವತಿಯ ಒಂದೇ ಒಂದು ಹಳೆಯ ಬಾರನ್ನೂ ಬಿಟ್ಟವರಲ್ಲ. ಜೀವಮಾನದಲ್ಲಿ ಒಂದು ತೊಟ್ಟು ಮದ್ಯ ನಾಲಿಗೆಗೆ ಸೋಕಿಸಿದವರೂ ಅಲ್ಲ. ಇದರಲ್ಲಿ ಮೊದಲ ಮಾತನ್ನು ಇಡೀ ಭದ್ರಾವತಿ ಒಪ್ಪುತ್ತಿತ್ತು. ಎರಡನೆಯದನ್ನು ಬಾರಿನ ಹೊರಗೆ ಒಪ್ಪಿದವಳು ನಾನೊಬ್ಬಳೇ! ನಾನೋ, ನಮ್ಮ ಮನೆತನದಲ್ಲಿ ಬಿ.ಎ. ಮಾಡಿದ ಮೊದಲನೆಯವಳು. ಹೊಟ್ಟೆ ಬಟ್ಟೆ ಕಟ್ಟಿ ಓದಿದ್ದು, ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ. ಆದರೆ ಈ ಒಂದು ವಿಷಯದಲ್ಲಿ ನನ್ನ ಸಾಕ್ಷಿಗೆ ಕವಡೆ ಕಿಮ್ಮತ್ತಿರಲಿಲ್ಲ.

"ದಿನಾ ಸಂಜೆ ಬಾರಲ್ಲಿ ಕೂತ್ಕೊಂಡು ಬರೀ ಸೋಡಾ ಕುಡೀತಾರೆ ಅಂದ್ರೆ ಯಾರು ನಂಬ್ತಾರೆ ಮಾರಾಯ್ತಿ?" ಎಂದು ಗೆಳತಿಯರು ನಗುತ್ತಿದ್ದರು. ಅವರದೇನು ತಪ್ಪು? ಈಜು ಬಾರದವನೊಬ್ಬ ದಿನವೂ ಹೊಳೆಗೆ ಹೋಗಿ, ದಡದಲ್ಲಿ ಟವೆಲ್ ಹೊದ್ದು ಕೂತು ಬರುತ್ತಾನೆಂದರೆ ನೀವು ನಂಬುತ್ತೀರಾ?

ಮಾವನ ಕೆಲಸ ಕಬ್ಬಿಣದ ಕಾರ್ಖಾನೆಯಲ್ಲಿ, ಎರಕದ ಅಚ್ಚಿಗೆ ಬೇಕಾದ ಮರದ ಮಾದರಿಗಳನ್ನು ಕೆತ್ತುವುದು. ಹೀಗಾಗಿ ಬಾರಿನೊಳಗೆ ಹೊಕ್ಕವರೇ ಮೊದಲು ಮೇಜಿನ ಅಂಚು ಸವರುತ್ತಿದ್ದರಂತೆ, ಎತ್ತು ಕೊಳ್ಳುವವರು ಅದರ ಬೆನ್ನು ಸವರಿದ ಹಾಗೆ. ಬಾರೆಂದರೆ ಹಂಚಿನ ಮಾಡು ಇರಬೇಕು, ತಳ್ಳಿದರೆ ತೂಗಾಡುವ ಅರ್ಧ ಬಾಗಿಲಿರಬೇಕು, ಗಲ್ಲಾದ ಹಿಂದೆ ಅಂಚು ಕಪ್ಪಾದ ಕನ್ನಡಿ ಇರಬೇಕು. ಗೋಡೆಗೆ ಗಡಿಯಾರವೂ ಇರಬೇಕು, ಆದರೆ ನಿಂತುಹೋಗಿರಬೇಕು! "ಸರಿಯಾದ ಟೈಮ್ ನೋಡೋಕೆ ಬಾರಿಗ್ಯಾಕೆ ಹೋಗ್ಬೇಕು? ರೈಲ್ವೆ ಸ್ಟೇಷನ್ ಇಲ್ವಾ?" ಎಂದು ಕೇಳುತ್ತಿದ್ದರು. ಟೀವಿ ಬಂತೋ, ಆ ಬಾರು ಅವರ ಪಾಲಿಗೆ ತೀರಿಕೊಂಡಂತೆ. ಶಿವಮೊಗ್ಗದಲ್ಲಿ ಅವರ ಮೆಚ್ಚಿನ ಬಾರೊಂದು ಕ್ರಿಕೆಟ್ಟಿಗೆಂದು ಟೀವಿ ತಂದು ಗೂಡಿನಲ್ಲಿಟ್ಟಾಗ ಎದ್ದು ಬಂದವರು, ಮನೆಯೊಳಗೆ ಕಾಲಿಡದೆ ಹಿತ್ತಲಲ್ಲಿ ತಣ್ಣೀರು ಸ್ನಾನ ಮಾಡಿದರು!

ಆದರೆ ಅವರು ವರ್ಣಿಸಲು ಕೂತರೆ ಕೇಳಬೇಕು. ತುಂಗೆಯ ಕಡೆಗೆ ಕಿಟಕಿಯಿದ್ದ ಒಂದು ಬಾರಿನಲ್ಲಿ ಇಳಿಬಿಸಿಲು ಬಾಟಲಿಗಳ ಸಾಲನ್ನು ಹಾದು, ಎದುರು ಗೋಡೆಯ ಮೇಲೆ ಜೇನಿನ ಬಣ್ಣವಾಗಿ, ಎಳೆ ಹಸಿರಾಗಿ ಅಲೆಯಾಡುತ್ತಿತ್ತಂತೆ. ಹೊರಗೊಂದು ಹೊಳೆ, ಒಳಗೊಂದು ಹೊಳೆ. ಆ ಗಳಿಗೆಯಲ್ಲಿ ಜಗಳವಾಡುತ್ತಿದ್ದವರೂ ಲೋಟ ಹಿಡಿದು ಗೋಡೆ ನೋಡುತ್ತಿದ್ದರಂತೆ. ಕೇಳುತ್ತ ಕೇಳುತ್ತ ನನಗೆ ನಿದ್ದೆಯಂಥದೇನೋ ಆವರಿಸುತ್ತಿತ್ತು. ಬೇರೆ ಮಕ್ಕಳಿಗೆ ರಾಜಕುಮಾರಿಯ ಕಥೆ ಹೇಳಿ ಮಲಗಿಸಿದರೆ, ನನ್ನನ್ನು ಬಾರಿನ ಕಥೆ ಹೇಳಿ ಮಲಗಿಸಿದ ಪುಣ್ಯಾತ್ಮ!

ಒಮ್ಮೆ ದೂರದೂರಿನಿಂದ ನೆಂಟರೊಬ್ಬರು ತ್ಯಾವರೆಕೊಪ್ಪದ ಸಫಾರಿಯ ಹುಲಿ, ಸಿಂಹ ನೋಡಲೆಂದು ಬಂದರು. ಕರೆದೊಯ್ಯುವ ಹೊಣೆ ಹೊತ್ತ ಮಾವ ಅವರನ್ನು ನೇರ ಬಾರುಗಳ ಪ್ರದಕ್ಷಿಣೆಗೆ ಒಯ್ದರು. "ಅಲ್ಲಿ ಏನ್ ನೋಡ್ತೀರಿ ಮಾರಾಯ್ರೇ, ಹುಲಿಗಳು ಹಗಲೆಲ್ಲ ಮಲಗಿರ್ತವೆ. ಇಲ್ಲಿ ನೋಡಿ, ಸಂಜೆ ಆಗ್ತಿದ್ದಂಗೆ ಒಂದೊಂದೇ ಎದ್ದು ಹೆಂಗೆ ಗರ್ಜಿಸ್ತವೆ!" ಎಂದರಂತೆ. ನೆಂಟರೂ ಕುಡಿಯದವರು. ಪಾಪ, ಹೋದ ಹೋದ ಕಡೆ ಮರ್ಯಾದೆಗೆಂದು ಉಪ್ಪಿನಕಾಯಿ ನೆಕ್ಕಿ, ಹುರಿದ ಕಡಲೆ ತಿಂದು, ಮನೆಗೆ ಬಂದು ರಾತ್ರಿಯಿಡೀ ಹೊಟ್ಟೆ ಹಿಡಿದುಕೊಂಡರು. ಮರುದಿನ ಅವರ ಹೆಂಡತಿಗೆ ಮಾವನೇ ಭರವಸೆ ಕೊಟ್ಟರು. "ಹೆದರ್ಬೇಡಿ ಅಕ್ಕಾ, ಕುಡಿದಿಲ್ಲ. ಕುಡಿದಿದ್ರೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ!"

ಕುಡಿಯುವವರಲ್ಲಿ ಒಂದು ಪದ್ಧತಿಯಿದೆ. ಮೊದಲ ಗುಟುಕಿಗೆ ಮುನ್ನ ಲೋಟದಲ್ಲಿ ಬೆರಳದ್ದಿ ನೆಲಕ್ಕೆ ಹನಿ ಚಿಮುಕಿಸುವುದು. ಭೂಮಿತಾಯಿಗೆ ಎನ್ನುವವರಿದ್ದಾರೆ, ಸತ್ತ ಹಿರಿಯರಿಗೆ ಎನ್ನುವವರೂ ಇದ್ದಾರೆ. ನಮ್ಮ ಮಾವ ಸೋಡಾಕ್ಕೂ ಬೆರಳದ್ದಿ ಎರಡು ಹನಿ ಚಿಮುಕಿಸುತ್ತಿದ್ದರು! "ಏನ್ ಅಣ್ಣಾ, ಸೋಡಾಕ್ಕೂ ನೈವೇದ್ಯನಾ?" ಎಂದು ಪಕ್ಕದ ಮೇಜಿನವರು ನಕ್ಕರೆ, "ಜಾಗದ ಮರ್ಯಾದೆ ಮಾರಾಯ" ಎಂದು ಅವರೂ ನಗುತ್ತಿದ್ದರು.

ಈ ಜಾಗಗಳಲ್ಲೆಲ್ಲ ಅತಿ ಹಳೆಯದು ಭದ್ರಾವತಿಯ ಸೇತುವೆ ಹತ್ತಿರದ ಬಾರು. ಬೋರ್ಡು ಎಂದೋ ಬಿದ್ದುಹೋಗಿ, ಸೇತುವೆ ಬಾರೆಂದೇ ಎಲ್ಲರೂ ಕರೆಯುತ್ತಿದ್ದರು. ಅಮ್ಮನೊಬ್ಬಳು ಮಾತ್ರ ಅದನ್ನು 'ಆ ಜಾಗ' ಎನ್ನುತ್ತಿದ್ದಳು. ಕಾರಣವಿತ್ತು. ಅಪ್ಪ ಅದೇ ಕಾರ್ಖಾನೆಯಲ್ಲಿ ಎರಕ ಹೊಯ್ಯುವ ಕೆಲಸದಲ್ಲಿದ್ದರು. ಶಿಫ್ಟ್ ಮುಗಿದ ಮೇಲೆ ಕೂರುತ್ತಿದ್ದದ್ದು ಅಲ್ಲೇ. ಅವರನ್ನು ಕರೆತರಲು ಅಮ್ಮ ತನ್ನ ಅಣ್ಣನನ್ನು ಸೈಕಲ್ ಹತ್ತಿಸಿ ಅಟ್ಟುತ್ತಿದ್ದಳು. ಕೆಲವು ಸಲ ನಾನೂ ಸೈಕಲ್ಲಿನ ಮುಂದಿನ ಕಂಬಿಯ ಮೇಲೆ ಕೂತು ಹೋಗಿದ್ದುಂಟು. ನನ್ನ ಎತ್ತರಕ್ಕೆ ಅರ್ಧ ಬಾಗಿಲಿನ ಕೆಳಗಿನಿಂದ ಕಾಣುತ್ತಿದ್ದದ್ದು ಬರೀ ಕಾಲುಗಳು. ಬೂಟಿನ ಕಾಲು, ಹವಾಯಿ ಚಪ್ಪಲಿಯ ಕಾಲು, ಹಾಡಿಗೆ ತಾಳ ಹಾಕುವ ಕಾಲು. ಬಾರೆಂದರೆ ಕಾಲುಗಳು ಮಾತ್ರ ವಾಸಿಸುವ ಒಂದು ಊರು ಎಂದುಕೊಂಡಿದ್ದೆ! ಎರಕದ ಮರಳು ಮೆತ್ತಿದ ಅಪ್ಪನ ಬೂಟು ನನಗೆ ಥಟ್ಟನೆ ಗುರುತು ಸಿಗುತ್ತಿತ್ತು.

ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಹೋದರು. ಆಮೇಲೂ ಮಾವ ಆ ಬಾರಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. "ಕರ್ಕೊಂಡ್ ಬಾ ಅಂತ ಕಳಿಸಿದ್ರೆ ಜೊತೇಲಿ ಕೂತ್ಕೊಂಡ. ಈಗ ಅವ್ರಿಲ್ದಿದ್ರೂ ಹೋಗಿ ಕೂರ್ತಾನಲ್ಲ, ಇವನ ಹತ್ರ ನಂಗೇನ್ ಮಾತು?" ಎಂದ ಅಮ್ಮ, ಅಂದಿನಿಂದ ಅಣ್ಣನ ಜೊತೆ ಮಾತು ಬಿಟ್ಟಳು. ಊಟ ಬಿಡಲಿಲ್ಲ! ಮಾವ ಮದುವೆಯಾಗದವರು, ಊಟಕ್ಕೆ ನಮ್ಮನೆಯೇ. ಹೀಗಾಗಿ ಮಾತು ಸಾಗಿಸುವ ಉದ್ಯೋಗ ನನ್ನ ಪಾಲಿಗೆ ಬಂತು.

ಇಬ್ಬರೂ ಮೊಣಕೈ ತಾಗುವಷ್ಟು ಹತ್ತಿರ ಕೂತಿರುತ್ತಿದ್ದರು.

"ನಿನ್ನ ಮಾವನಿಗೆ ಹೇಳು, ರೊಟ್ಟಿ ಆರ್ತಿದೆ ಅಂತ."

"ಮಾವಾ, ರೊಟ್ಟಿ ಆರ್ತಿದೆಯಂತೆ."

"ನಿಮ್ಮಮ್ಮನಿಗೆ ಹೇಳು, ಚಟ್ನಿಗೆ ಉಪ್ಪಿಲ್ಲ."

"ಅಮ್ಮಾ, ಚಟ್ನಿಗೆ…"

"ಅವನಿಗೆ ಹೇಳು, ದಿನಾ ಆ ಜಾಗದಲ್ಲಿ ಉಪ್ಪಿನಕಾಯಿ ನೆಕ್ಕೋರಿಗೆ ಮನೆ ಉಪ್ಪು ಎಲ್ಲಿ ಹತ್ತುತ್ತೆ!"

"ಒಂದೇ ಒಂದು ಸಲ ಬಂದು ಆ ಜಾಗ ನೋಡು ಅನ್ನು ನಿಮ್ಮಮ್ಮನಿಗೆ" ಎಂದು ಮಾವ ಆಗಾಗ ನನ್ನ ಮೂಲಕ ಕೇಳುತ್ತಿದ್ದರು. ಅದೊಂದೇ ಅವರ ಆಸೆ. ಅಮ್ಮನೋ, ಮಾರ್ಕೆಟ್ಟಿಗೆ ಹೋಗಲೂ ಆ ರಸ್ತೆ ತಪ್ಪಿಸಿ ಸುತ್ತು ಹಾಕುವವಳು. ಇವರ ಹಟ ಹೆಚ್ಚೋ, ಅವಳ ಹಟ ಹೆಚ್ಚೋ ಎಂದು ನೋಡುತ್ತಲೇ ನಾನು ಹೈಸ್ಕೂಲು ದಾಟಿ ಕಾಲೇಜು ಸೇರಿದೆ.

ಕೊನೆಯ ವರ್ಷದ ಬಿ.ಎ. ಓದುವಾಗ ಶಿವಮೊಗ್ಗದ ರಾಗಿಗುಡ್ಡದ ಕಡೆಯಿಂದ ನನಗೊಂದು ಸಂಬಂಧ ಬಂತು. ಗಂಡಿನ ಕಡೆಯವರು ನಮ್ಮ ಬೀದಿಯ ಅಂಗಡಿಯಲ್ಲಿ ವಿಚಾರಿಸಿದರು. ಅಂಗಡಿಯವನು ಒಳ್ಳೆಯ ಮನಸ್ಸಿನಿಂದಲೇ ಹೇಳಿದ. "ಹುಡುಗಿ ಮಾವಾನಾ? ಅಪ್ಪಟ ಬಂಗಾರ ಸಾರ್! ಕಾಣ್ಬೇಕಿದ್ರೆ ಸಂಜೆ ಸೇತುವೆ ಬಾರಿಗೆ ಹೋಗಿ, ಒಂದು ದಿನಾನೂ ತಪ್ಸಲ್ಲ." ಸಂಬಂಧ ಅಲ್ಲಿಂದಲೇ ಬಸ್ಸು ಹತ್ತಿತು! ಅಮ್ಮ ನನಗೆದುರಾಗಿ ಕೂತು ಮಾವನನ್ನು ಬೈದಳು. ಮಾವ ನನಗೆದುರಾಗಿ ಕೂತು ಉತ್ತರಿಸಿದರು. "ನಿಮ್ಮಮ್ಮನಿಗೆ ಹೇಳು, ಹುಡುಗಿ ಪರೀಕ್ಷೆ ಮುಗೀಲಿ. ನಾನು ಸೋಡಾ ಕುಡಿದಿದ್ದು ಸಾರ್ಥಕ ಆಯ್ತು ಅಂತ." ನನಗೆ ಒಳಗೊಳಗೇ ಖುಷಿ. ಮದುವೆ ತಪ್ಪಿಸಿಕೊಟ್ಟ ಸೋಡಾ ಜಗತ್ತಿನಲ್ಲಿ ಅದೊಂದೇ ಇರಬೇಕು!

ಪರೀಕ್ಷೆ ಮುಗಿಯಿತು. ಫಸ್ಟ್ ಕ್ಲಾಸ್ ಬಂತು. ಅದೇ ವಾರ ಸೇತುವೆ ಬಾರನ್ನು ಕೆಡವುವ ಸುದ್ದಿಯೂ ಬಂತು. ಕಾರ್ಖಾನೆಯಲ್ಲಿ ಜನ ಕಡಿಮೆಯಾಗಿ ಸಂಜೆಗಳು ಸೊರಗಿದ್ದವು. ಆ ಜಾಗದಲ್ಲಿ ಗಾಜಿನ ಮುಖದ ಎ.ಸಿ. ಬಾರು ಏಳಲಿತ್ತು. ಆ ರಾತ್ರಿ ಮಾವ ರೊಟ್ಟಿ ಮುರಿಯದೆ ಕೂತಿದ್ದರು. "ನಿಮ್ಮಮ್ಮನಿಗೆ ಹೇಳು, ನಾಳೆ ಮಧ್ಯಾಹ್ನ ಹಂಚು ಇಳಿಸ್ತಾರಂತೆ. ಓನರನ್ನ ಕೇಳಿದೀನಿ, ಬೆಳಿಗ್ಗೆ ಬೀಗದಕೈ ನನ್ನ ಹತ್ರ ಇರುತ್ತೆ." ನಾನು ಹೇಳಿದೆ. ಅಮ್ಮ ಒಲೆಯ ಕಡೆ ತಿರುಗಿ ಇನ್ನೊಂದು ರೊಟ್ಟಿ ತಟ್ಟಿದಳು.

ಬೆಳಗಾಗುವಾಗ ನೋಡಿದರೆ ಅಮ್ಮ ಸೀರೆ ಉಟ್ಟು ಬಾಗಿಲಲ್ಲಿ ನಿಂತಿದ್ದಾಳೆ! "ನಿನ್ನ ಮಾವನಿಗೆ ಹೇಳು, ರೊಟ್ಟಿ ತಟ್ಟಿಟ್ಟಿದೀನಿ. ಬೇಗ ಹೋಗಿ ಬರೋಣ."

ಅರ್ಧ ಬಾಗಿಲು ತೂಗಾಡಿತು. ನಾನು ಅಭ್ಯಾಸಬಲದಿಂದ ಮೊದಲು ಮೇಜುಗಳ ಕೆಳಗೆ ನೋಡಿದೆ. ಕಾಲುಗಳ ಊರು ಖಾಲಿಯಾಗಿತ್ತು. ಕಿಟಕಿಯ ಬಣ್ಣದ ಗಾಜಿನಿಂದ ಬಂದ ಬಿಸಿಲು ನೆಲದ ಮೇಲೆ ಕೆಂಪಾಗಿ, ಹಸಿರಾಗಿ ಬಿದ್ದಿತ್ತು. ಅದರೊಳಗೆ ಧೂಳು, ಮೀನಿನ ಮರಿಗಳಂತೆ ಸುಮ್ಮನೆ ತೇಲುತ್ತಿತ್ತು. ಮಾವನ ವರ್ಣನೆಯಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಗೋಡೆಯ ಗಡಿಯಾರ ನಿಂತಿತ್ತು.

"ಅವ್ರ ಕುರ್ಚಿ ಯಾವುದು?" ಎಂದಳು ಅಮ್ಮ, ಗೋಡೆಗೆ.

ಮಾವ ಕಿಟಕಿಯ ಪಕ್ಕದ ಕುರ್ಚಿ ಎಳೆದುಕೊಟ್ಟರು. ಅಮ್ಮ ಅದರ ಕೈಯನ್ನೊಮ್ಮೆ ಸೆರಗಿನಿಂದ ಒರೆಸಿ ಕೂತಳು. ಎದುರಿಗೆ ಮಾವ ತಮ್ಮ ಕುರ್ಚಿಯಲ್ಲಿ ಕೂತು, ಜೊತೆಗೆ ತಂದಿದ್ದ ಸೋಡಾದ ಗೋಲಿ ಒತ್ತಿ, ಲೋಟಕ್ಕೆ ಹೊಯ್ದು, ಬೆರಳದ್ದಿ ಎರಡು ಹನಿ ಚಿಮುಕಿಸಿದರು.

"ಯಾರಿಗದು ಅಂತ ಕೇಳು ನಿನ್ನ ಮಾವನ್ನ."

"ನಿಮ್ಮಮ್ಮನಿಗೆ ಹೇಳು," ಎಂದರು ಮಾವ, ಲೋಟ ನೋಡುತ್ತ. "ಎಳ್ಕೊಂಡು ಬಂದಿದ್ರೆ ಭಾವ ಮಾರನೇ ದಿನ ಇನ್ನೊಂದು ಬಾರಿಗೆ ಹೋಗೋರು. ಎದುರಿಗೆ ಕೂತಿದ್ರೆ ಬೇಗ ಏಳೋರು. ಅದಕ್ಕೇ ಕೂತೆ. ದಿನಾ ಕುಡಿಯೋಕೆ ಮುಂಚೆ ಎರಡು ಹನಿ ಹಾಕೋರು. ಒಂದು, ಅವಳ ಕೋಪ ಇಳೀಲಿ ಅಂತ. ಇನ್ನೊಂದು, ಮಗಳು ಓದ್ಲಿ ಅಂತ. ಅವರು ಹೋದಾಗ ಎರಡೂ ಆಗಿರ್ಲಿಲ್ವಲ್ಲ? ಯಾರಾದ್ರೂ ಹಾಕ್ಬೇಕಿತ್ತು. ಬೇರೆ ಕಡೆ ಹಾಕಿದ್ರೆ ಅವರಿಗೆ ಗೊತ್ತಾಗುತ್ತೋ ಇಲ್ವೋ…"

ಇಷ್ಟು ವರ್ಷದಲ್ಲಿ ನಾನು ಸಾಗಿಸಲಾಗದ ಮಾತು ಅದೊಂದೇ.

ಅಮ್ಮ ಲೋಟವನ್ನು ತನ್ನ ಕಡೆಗೆ ಎಳೆದುಕೊಂಡಳು. ಬೆರಳದ್ದಿದಳು. ನೆಲದ ಕೆಂಪು ಬಿಸಿಲಿನ ಮೇಲೆ ಒಂದೇ ಒಂದು ಹನಿ ಬಿತ್ತು.

"ಇವಳ ಓದು ಮುಗೀತಲ್ಲ," ಎಂದಳು. "ಇನ್ನು ಒಂದು ಸಾಕು."

ಆಮೇಲೆ ಲೋಟ ಎತ್ತಿ ಒಂದು ಗುಟುಕು ಕುಡಿದು, ಮುಖ ಕಿವುಚಿ, ಕಣ್ಣರಳಿಸಿ ಮಾವನನ್ನೇ ನೋಡಿದಳು. "ಅಯ್ಯೋ, ನಿಜವಾಗ್ಲೂ ಬರೀ ಸೋಡಾ! ಏಳಣ್ಣಾ, ರೊಟ್ಟಿ ಆರುತ್ತೆ."

ಇಬ್ಬರೂ ಮಾತಾಡುತ್ತ ಮುಂದೆ ನಡೆದರು. ನಾನು ಅರ್ಧ ಬಾಗಿಲನ್ನು ಹಿಡಿದು, ಅದರ ತೂಗಾಟ ನಿಲ್ಲಿಸಿ, ಹಿಂದೆ ಹೊರಟೆ. ಡಿಗ್ರಿ ಬಂದ ಮೇಲೆ ನಾನು ಕಳೆದುಕೊಂಡ ಮೊದಲ ಕೆಲಸ ಅದು.