ಸರ್ಕಾರಿ ಮಾಳಿಗೆಯ ಮೇಲೆ ನಮ್ಮ ಸೋಲಾರ್ ಕುಕ್ಕರ್

ಬಿಸಿಲಿಗೂ ಕಾಯಿದೆ ಉಂಟೆಂದರೆ ನನ್ನ ಹೆಂಡತಿ ಶೇಖವ್ವ ಇವತ್ತಿಗೂ ನಂಬುವುದಿಲ್ಲ. ತಪ್ಪು ಅವಳದಲ್ಲ. ಅವಳು ನನ್ನಂತೆ ಹಾನಗಲ್ಲಿನ ಸರ್ಕಾರಿ ಕಚೇರಿಯಲ್ಲಿ ಹದಿನಾಲ್ಕು ವರ್ಷ ಗುಮಾಸ್ತಿಕೆ ಮಾಡಿಲ್ಲ.

ಎಂಬತ್ನಾಲ್ಕರ ಬೇಸಿಗೆಯಲ್ಲಿ ರಿಯಾಯಿತಿಗೆ ಸಿಕ್ಕಿತೆಂದು ಒಂದು ಸೋಲಾರ್ ಕುಕ್ಕರ್ ತಂದೆ. ಗಾಜಿನ ಮುಚ್ಚಳದ ಪೆಟ್ಟಿಗೆ, ಒಳಗೆ ನಾಲ್ಕು ಕರಿ ಡಬ್ಬಿ. ಅದೇ ಉಮೇದಿನಲ್ಲಿ ಹಂಸಭಾವಿಯ ಮಾವ ಚೌಡಪ್ಪನವರಿಗೆ ಕಾಗದ ಬರೆದೆ: 'ಭಾನುವಾರ ಬನ್ನಿ. ಹೋಳಿಗೆಯ ಬೇಳೆಯನ್ನು ಸಾಕ್ಷಾತ್ ಸೂರ್ಯನಾರಾಯಣನೇ ಬೇಯಿಸುತ್ತಾನೆ.' (ಮಾವ ನನ್ನನ್ನು ಈವರೆಗೆ ಯಾವುದಕ್ಕೂ ಹೊಗಳಿದವರಲ್ಲ. ಇದೊಂದು ಸಲ ಹೊಗಳಿಸಿಕೊಳ್ಳಲೇಬೇಕಿತ್ತು.)

ಆದರೆ ನಮ್ಮ ಅಂಗಳದಲ್ಲಿ ಹುಣಸೇಮರ. ಸೂರ್ಯನಾರಾಯಣ ಅಲ್ಲಿ ಕಾಲಿಡುವುದಿಲ್ಲ. ಬೆಳಗಿನಿಂದ ಸಂಜೆತನಕ ಅವನ ಠಿಕಾಣಿ ಪಕ್ಕದ ನಮ್ಮ ಕಚೇರಿಯ ಮಾಳಿಗೆಯ ಮೇಲೆ.

"ಸುಮ್ನ ಒಯ್ದು ಇಟ್ಟ ಬರ್ರಿ. ಯಾರ್ ಕೇಳ್ತಾರ?" ಎಂದಳು ಶೇಖವ್ವ.

"ಸರ್ಕಾರಿ ಆಸ್ತಿ ಅದು! ಪರವಾನಗಿ ಇಲ್ದ ಅಲ್ಲಿ ಒಂದ್ ಹಪ್ಪಳಾ ಒಣಾ ಹಾಕಾಕೂ ಬರೂದಿಲ್ಲ!"

"ಹಂಗಾರ ಬಿಸಲಿಗೂ ಒಂದ್ ನೋಟೀಸ್ ಕೊಡ್ರಿ."

ಅರ್ಜಿ ನಾನೇ ಬರೆದೆ. ನಾನೇ ಸ್ವೀಕರಿಸಿದೆ. 'ಖಾಸಗಿ ಉಪಯೋಗಕ್ಕೆ ಅವಕಾಶವಿಲ್ಲ' ಎಂದು ನಾನೇ ಆಕ್ಷೇಪಣೆ ಹಾಕಿ, 'ಸಾರ್ವಜನಿಕ ಉಪಯೋಗಕ್ಕಾಗಿ' ಎಂದು ನಾನೇ ತಿದ್ದಿದೆ. ಗತ್ತಿಗಿರಲೆಂದು ಕಲಂ ನಾಲ್ಕನ್ನೂ ಸೇರಿಸಿದೆ: 'ಅಡುಗೆ ಮುಗಿಯುವವರೆಗೆ ಅರ್ಜಿದಾರನು ಸ್ಥಳದಲ್ಲಿ ಹಾಜರಿರತಕ್ಕದ್ದು.' ಸಾಹೇಬರು ಓದದೆ ಸಹಿ ಹಾಕಿದರು. ನಿಯಮದಂತೆ ಪ್ರತಿಯನ್ನು ನೋಟೀಸ್ ಬೋರ್ಡಿಗೆ ಗೋಂದು ಹಚ್ಚಿ ಅಂಟಿಸಿದೆ. (ಆ ಬೋರ್ಡನ್ನು ಯಾವ ನರಪಿಳ್ಳೆಯೂ ಓದುವುದಿಲ್ಲವೆಂಬುದು ನನ್ನ ಸುದೀರ್ಘ ಸೇವಾನುಭವ.)

ಶನಿವಾರ ಸಂಜೆಯೇ ಪೆಟ್ಟಿಗೆಯನ್ನು ಮಾಳಿಗೆಗೆ ಏರಿಸಿಟ್ಟೆ. ಭಾನುವಾರ ಬೇಳೆ ಹಿಡಿದು ಹತ್ತಿದರೆ ನಾಲ್ಕೂ ಡಬ್ಬಿ ಭರ್ತಿ! ಎದುರುಮನೆಯ ಹೊನ್ನವ್ವನ ಹೆಸರುಕಾಳು, ಚಹಾದಂಗಡಿ ಕರೀಮಸಾಬನ ಅಕ್ಕಿ, ಇನ್ನೆರಡು ಯಾರವೋ. ಹಿಂದೆ ಎಂಟು ಮಂದಿ ಪಾತ್ರೆ ಹಿಡಿದು ಪಾಳಿಗೆ ಕೂತಿದ್ದಾರೆ.

"ಈ ಪೆಟಿಗಿ ನಂದು!" ಎಂದು ಕೂಗಿದೆ.

"ಪೆಟಿಗಿ ನಿಮ್ದ ಇರ್ಲಿ ಅಣ್ಣಾರ, ಮಾಳಗಿ ಎಲ್ಲಾರ್ದು. ನೋಟೀಸ್ನ್ಯಾಗ ನೀವ ಬರದೀರಲ್ರಿ?" ಎಂದ ಕರೀಮಸಾಬ.

ಇಳಿದು ಹೋಗೋಣವೆಂದರೆ ಹೊನ್ನವ್ವ ಅಡ್ಡ ಬಂದಳು. "ಕಲಂ ನಾಕು ಐತಿ ಯಪ್ಪಾ, ಎಲ್ಲಿಗೆ ಹೊಂಟ್ರಿ? ನೆಳ್ಳ ಬಂತು, ಪೆಟಿಗಿ ತಿರುವ್ರಿ!"

ಹನ್ನೊಂದಕ್ಕೆ ಮಾವ ಬಂದರು. ನಾನು ಅರ್ಧ ಗಂಟೆಗೊಮ್ಮೆ ಊರವರ ಕಾಳಿಗಾಗಿ ಪೆಟ್ಟಿಗೆ ತಿರುಗಿಸುತ್ತಿದ್ದೆ. ಅಳುವೇ ಬರುವಂತಾಗಿತ್ತು. ಅಷ್ಟರಲ್ಲಿ ಕೆಳಗೆ ನಮ್ಮ ಅಡುಗೆಮನೆಯಿಂದ ಹೊಗೆ ಎದ್ದಿತು, ಅದರ ಬೆನ್ನಿಗೇ ಹೋಳಿಗೆಯ ವಾಸನೆ. ಮಾವ ಅಂಗಳದಲ್ಲಿ ಕೂತು ತುಪ್ಪ ಸುರಿದುಕೊಂಡು ಉಂಡರು, ಬಾಯ್ತುಂಬ ಹೊಗಳಿದರು. ಕಟ್ಟಿಗೆ ಒಲೆಯನ್ನು!

ಮಾನ ಹೋಯಿತು, ಹೊಟ್ಟೆಯಾದರೂ ಉಳಿಯಲೆಂದು ಕೂಗಿದೆ. "ಶೇಖವ್ವಾ, ನನಗೂ ಎರಡು ಹೋಳಿಗಿ ಮ್ಯಾಲ ಕಳಸ!"

"ಹೆಂಗ್ ಕಳಸಲ್ರಿ? ಸರ್ಕಾರಿ ಜಾಗಾದಾಗ ನೀವೊಬ್ರ ತಿಂದ್ರ ಅದು ಖಾಸಗಿ ಉಪಯೋಗ ಆಗೂದಿಲ್ಲೇನು?"

ತಿರುಗಿ ನೋಡಿದೆ. ಎಂಟೂ ಮಂದಿ ಪಾತ್ರೆ ಕೆಳಗಿಟ್ಟು, ಹೊನ್ನವ್ವನ ತಂಬಿಗೆಯ ನೀರಿನಲ್ಲಿ ಕೈ ತೊಳೆಯುತ್ತಿದ್ದರು.