ಚೆಂಡು ತರಲು ಹೋದವನು

ಗುಡ್ಡದ ಕಾಲೇಜಿನಲ್ಲಿ ಫುಟ್‌ಬಾಲ್ ಆಡಿಸುವವನಿಗೆ ಇಂಥವು ಆಗುತ್ತಲೇ ಇರುತ್ತವೆ. ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇಪ್ಪತ್ತು ವರ್ಷ ಪಿ.ಟಿ. ಮೇಷ್ಟ್ರಾಗಿದ್ದ ನನಗೆ ಮಾತ್ರ ಇವತ್ತಿಗೂ ಪೂರ್ತಿ ನಗು ಬಂದಿಲ್ಲ.

ತೊಂಬತ್ತರ ದಶಕದ ಕೊನೆ. ಸಕಲೇಶಪುರ, ಆಲೂರು ಕಡೆಯ ನಾಲ್ಕು ಕಾಲೇಜುಗಳು ಸೇರಿ ಒಂದು ಫುಟ್‌ಬಾಲ್ ಕೂಟ ಕಟ್ಟಿಕೊಂಡಿದ್ದೆವು. ಅದನ್ನು ಬೆಂಗಳೂರಿಗೂ ಹಬ್ಬಿಸಬೇಕೆಂದು ನಮ್ಮ ಪ್ರಿನ್ಸಿಪಾಲರಿಗೆ ಆಸೆ ಹುಟ್ಟಿತು. ಅವರಿಗೆ ಬೇಕಾಗಿದ್ದು ಪೇಪರಿನಲ್ಲಿ ಹೆಸರು. ನನಗೆ ಬೇಕಾಗಿದ್ದು ಎಡ ಅಂಚಿನಲ್ಲಿ ಆಡುವ ನಮ್ಮ ಲೆಫ್ಟ್ ಔಟ್‌ಗೆ ಒಂದು ನೌಕರಿ. ದೋಣಿಗಲ್ಲಿನ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ ಮಗ, ಡಿಗ್ರಿಯ ಕೊನೇ ವರ್ಷ. ಅಂಥ ಎಡಗಾಲನ್ನು ನಾನು ಮತ್ತೆ ನೋಡಲಿಲ್ಲ. ಆದರೆ ಕ್ರೀಡಾ ಕೋಟಾದಲ್ಲಿ ಕೆಲಸಕ್ಕೆ ಆರಿಸುವವರು ಗುಡ್ಡ ಹತ್ತಿ ಬರುವವರಲ್ಲ. ನಾವೇ ಇಳಿದು ಹೋಗಬೇಕಿತ್ತು.

ಮಂಜಿನ ತಪಾಸಣೆ

ಬೆಂಗಳೂರಿನ ಒಂದು ಕಾಲೇಜು ಕೂಟಕ್ಕೆ ಸೇರಲು ಒಪ್ಪಿತು. ಮೊದಲು ನಮ್ಮ ಮೈದಾನ ನೋಡಬೇಕೆಂದು ಅಲ್ಲಿನ ಕ್ರೀಡಾಧಿಕಾರಿಯನ್ನು ಕಳಿಸಿತು. ಅವರು ಬಂದದ್ದು ಆಷಾಢದಲ್ಲಿ. ಒಂದು ಗೋಲ್‌ಪೋಸ್ಟಿನ ಹತ್ತಿರ ಕೊಡೆ ಹಿಡಿದು ನಿಂತು ಕೇಳಿದರು.

"ಇನ್ನೊಂದು ಎಲ್ರೀ?"

"ಐತೆ ಸಾರ್," ಎಂದ ನಮ್ಮ ಅಟೆಂಡರ್. "ಮಂಜು ಸರಿದ್ರೆ ಕಾಣ್ತದೆ."

"ಯಾವಾಗ ಸರಿಯುತ್ತೆ?"

ಅಟೆಂಡರ್ ಆಕಾಶ ನೋಡಿ, ಬಹಳ ಯೋಚನೆ ಮಾಡಿ ಹೇಳಿದ: "ಗೌರಿ ಹಬ್ಬದ ಹೊತ್ಗೆ ಸರೀಬೈದು ಸಾರ್."

ಅಧಿಕಾರಿಗಳು ನನ್ನ ಮುಖ ನೋಡಿದರು. ನಾನು ಹೌದೆಂದು ತಲೆಯಾಡಿಸಿದೆ, ಸುಳ್ಳೇನೂ ಅಲ್ಲವಲ್ಲ. ವರದಿಯಲ್ಲಿ "ಮೈದಾನದ ಅರ್ಧ ಭಾಗ ತೃಪ್ತಿಕರವಾಗಿದೆ" ಎಂದು ಬರೆದು ಸಹಿ ಹಾಕಿದರು.

ಒದ್ದವನೇ ತರಬೇಕು

ಆ ಮೈದಾನದ ಒಂದು ಅಂಚು ಇಳಿಜಾರು. ಚೆಂಡು ಆಚೆ ಹೋದರೆ ಕಾಫಿ ಗಿಡಗಳ ನಡುವೆ ಉರುಳಿ ಕೆಳಗೆ ಅದೇ ದೋಣಿಗಲ್ಲಿನ ಎಸ್ಟೇಟಿನ ಕೂಲಿಯವರ ಲೈನ್ ಮನೆಗಳ ಹತ್ತಿರ ನಿಲ್ಲುತ್ತಿತ್ತು. ನಮ್ಮಲ್ಲಿದ್ದದ್ದು ಒಂದೇ ಚೆಂಡು. ಅದಕ್ಕೇ ನಾನೊಂದು ನಿಯಮ ಮಾಡಿದ್ದೆ: ಒದ್ದವನೇ ಇಳಿದು ತರಬೇಕು, ಅಲ್ಲಿಯವರೆಗೆ ಆಟ ನಿಲ್ಲಬೇಕು. ಉಳಿದವರು ಹುಲ್ಲಿನ ಮೇಲೆ ಕೂತು ಕಾಯುತ್ತಿದ್ದರು. ಈ ನಿಯಮದ ಬಗ್ಗೆ ನನಗೆ ಹೆಮ್ಮೆಯೂ ಇತ್ತು, ಹುಡುಗರಲ್ಲಿ ಜವಾಬ್ದಾರಿ ಬರುತ್ತದೆ ಅಂತ.

ಬೆಂಗಳೂರಿನವರು ಆಡಲು ಬಂದಾಗ ಅವರ ಹಿಂದಿನ ಸಾಲಿನ ಬ್ಯಾಕ್ ಒಬ್ಬ ಚೆಂಡನ್ನು ಕೆಳಕ್ಕೆ ಒದ್ದ. ನಿಯಮ ಹೇಳಿದೆವು. ಗೊಣಗುತ್ತಾ ಇಳಿದವನು ಮುಕ್ಕಾಲು ಗಂಟೆಯಾದರೂ ಪತ್ತೆಯಿಲ್ಲ. ಕೊನೆಗೆ ಒಂದು ಕೈಯಲ್ಲಿ ಚೆಂಡು, ಇನ್ನೊಂದರಲ್ಲಿ ಕಿತ್ತಳೆ ಹಣ್ಣಿನ ಚೀಲ ಹಿಡಿದು ಬಂದ. ಜೊತೆಗೆ ನಮ್ಮ ಲೆಫ್ಟ್ ಔಟ್‌ನ ಅಪ್ಪ, ರೈಟರು.

"ಬೈಬ್ಯಾಡಿ ಮೇಷ್ಟ್ರೇ," ಎಂದರು ರೈಟರು. "ಬಾಗ್ಲಿಗೆ ಬಂದೋರ್ನ ಬರೀ ಹೊಟ್ಟೇಲಿ ಕಳ್ಸಾಕಾಯ್ತದಾ? ಎಲ್ಡು ಅಕ್ಕಿ ರೊಟ್ಟಿ ತಿಂದ್ರು, ಅಷ್ಟೆ."

ಆಮೇಲೆ ಬೆಂಗಳೂರಿನವರು ಒದ್ದ ಚೆಂಡೆಲ್ಲ ಅದೇ ಕಡೆಗೆ ಹೋಗತೊಡಗಿತು.

ಬೆಂಗಳೂರಿನ ಔಟ್

ಫೈನಲ್ ಬೆಂಗಳೂರಿನಲ್ಲಿ, ಅದೇ ತಂಡದ ಮೇಲೆ. ಆಯ್ಕೆಗಾರರೊಬ್ಬರು ಪುಸ್ತಕ ಹಿಡಿದು ನನ್ನ ಪಕ್ಕದಲ್ಲೇ ಬಂದು ಕೂತರು.

ಹತ್ತನೇ ನಿಮಿಷದಲ್ಲಿ ನಮ್ಮ ಲೆಫ್ಟ್ ಔಟ್ ಬಾರಿಸಿದ. ಚೆಂಡು ಗೋಲಿನ ಮೇಲಿಂದ, ಕಾಂಪೌಂಡಿನ ಮೇಲಿಂದ ಹಾರಿ, ರಸ್ತೆಯಲ್ಲಿ ಹೋಗುತ್ತಿದ್ದ ಮರಳಿನ ಲಾರಿಯೊಳಗೆ ಬಿತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಕಾಂಪೌಂಡ್ ಹಾರಿಯಾಗಿತ್ತು.

ರೆಫ್ರಿ ಚೀಲದಿಂದ ಇನ್ನೊಂದು ಚೆಂಡು ತೆಗೆದ. ಆಟ ಮುಂದುವರಿಯಿತು.

"ನಿಮ್ಮ ಲೆಫ್ಟ್ ಔಟ್ ಎಲ್ರೀ?" ಆಯ್ಕೆಗಾರರು ಕೇಳಿದರು.

"ಚೆಂಡು ತರೋಕೆ ಹೋಗಿದಾನೆ ಸಾರ್."

ನಾನು ಗೇಲಿ ಮಾಡುತ್ತಿದ್ದೇನೆ ಅಂದುಕೊಂಡರೋ ಏನೋ, ಪುಸ್ತಕ ಮುಚ್ಚಿದರು. ಈಗ ಬರುತ್ತಾನೆ, ಈಗ ಬರುತ್ತಾನೆ ಎಂದು ನಾನು ಬೇರೆಯವನನ್ನೂ ಇಳಿಸಲಿಲ್ಲ. ಹತ್ತೇ ಜನ ಆಡಿ ಸೋತೆವು. ಆಯ್ಕೆಗಾರರು ಎದ್ದು ಹೋದರು. ಆ ನೌಕರಿ ಅವನಿಗೆ ಸಿಗಲಿಲ್ಲ, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ತಪ್ಪು ಅವನದಲ್ಲ, ನನ್ನ ನಿಯಮದ್ದು.

ಸೋತವರು ಹುಲ್ಲಿನ ಮೇಲೆ ಕೂತಿದ್ದಾಗ ಅವನು ಗೇಟಿನಿಂದ ಓಡಿ ಬಂದ. ಮೈಯೆಲ್ಲ ಮರಳು, ಕಂಕುಳಲ್ಲಿ ಚೆಂಡು. ಎಲ್ಲರೂ ತನಗಾಗಿ ಕಾಯುತ್ತಿದ್ದಾರೆ ಅಂದುಕೊಂಡ.

"ತಡ ಆಗ್ಬುಡ್ತು, ಏಳ್ರೋ," ಎಂದ. "ಸಾರ್, ಗೋಲ್ ಕಿಕ್ ಅವ್ರ್ದೇ ಅಲ್ವಾ?"

ಯಾರೂ ಏಳಲಿಲ್ಲ. ನಮ್ಮನ್ನೆಲ್ಲ ಒಮ್ಮೆ ನೋಡಿದ, ಖಾಲಿ ಕುರ್ಚಿಗಳನ್ನು ನೋಡಿದ. ಅರ್ಥವಾಯಿತು. ಚೆಂಡನ್ನು ತಂದು ನನ್ನ ಕಾಲ ಬಳಿ ಇಟ್ಟ.

ಆಗ ಬೆಂಗಳೂರಿನ ಆ ಬ್ಯಾಕ್, ದೋಣಿಗಲ್ಲಿನಲ್ಲಿ ರೊಟ್ಟಿ ತಿಂದವನು, ಬಂದು ಅವನ ಹೆಗಲ ಮೇಲಿನ ಮರಳು ಒರೆಸಿದ.

"ಎಲ್ಲಿವರೆಗೆ ಹೋಗಿದ್ದೆ?"

"ಯಶವಂತಪುರ."

"ತಿಂಡಿ ಕೊಟ್ರಾ?"

"ಇಲ್ಲ ಕಣೋ," ಎಂದ ನಮ್ಮವನು. "ಚೆಂಡ್ನೇ ಕೊಡಾಕಿಲ್ಲ ಅಂದ್ರು. ಅಷ್ಟೂ ಮರಳು ನಾನೇ ಇಳಿಸ್‌ಕೊಟ್ಟು ತಂದೆ."